ಬೀಗದ ಕೈ ಮತ್ತು ಐದು ನಿಮಿಷ

ಧಾರೆ ಮುಗಿದು ಮೊದಲ ಪಂಕ್ತಿಗೆ ಎಲೆ ಹಾಕುತ್ತಿದ್ದ ಹೊತ್ತು. ಕಂಬಕ್ಕೆ ಒರಗಿ ಮೊಬೈಲ್ ನೋಡುತ್ತಿದ್ದ ಹತ್ತೊಂಬತ್ತರ ಹುಡುಗ, ಹೆಣ್ಣಿನ ಕಡೆಯವನು, ಕೊರಡಿನ ಹಾಗೆ ನೆಲಕ್ಕೆ ಬಿದ್ದ. ಎದೆಯಾಳದಿಂದ ಒಂದು ವಿಚಿತ್ರ ಕೂಗು, ಸೆಟೆದ ಮೈ, ಮೇಲೆ ಸಿಕ್ಕಿಕೊಂಡ ಕಣ್ಣು. ಆಮೇಲೆ ಕೈಕಾಲು ಅದುರತೊಡಗಿದವು. "ಫಿಟ್ಸು! ಕೈಗೆ ಕಬ್ಬಿಣ ಕೊಡ್ರಪ್ಪಾ!" ಎಂದು ಯಾರೋ ಕೂಗಿದರು. ಚೌಟ್ರಿ ಮ್ಯಾನೇಜರರ ಸೊಂಟದಲ್ಲಿದ್ದ ಬೀಗದ ಕೈ ಗೊಂಚಲು ಕೈಯಿಂದ ಕೈಗೆ ದಾಟಿ ಹುಡುಗನ ಮುಷ್ಟಿ ಸೇರಿತು. ಅಡುಗೆಮನೆ ಪಕ್ಕದಲ್ಲೇ ಇದ್ದುದರಿಂದ ಈರುಳ್ಳಿಗೂ ಬರವಿರಲಿಲ್ಲ. ಜಜ್ಜಿ ಮೂಗಿಗೆ ಹಿಡಿದರು. ನಾನು ಮಾಡಿದ್ದೂ ಜಾಣತನವೇನಲ್ಲ. ಅವನ ಕಾಲನ್ನು ಒತ್ತಿ ಹಿಡಿದುಕೊಂಡು ಕೂತಿದ್ದೆ. ಹಾಗೆ ಹಿಡಿಯಬಾರದು ಎಂದು ಆಮೇಲೆ ಗೊತ್ತಾಯಿತು.

ಅದುರು ನಿಂತಿತು. "ನೋಡಿದ್ರಾ, ಕಬ್ಬಿಣ ಮುಟ್ಟಿದ ತಕ್ಷಣ ಹೆಂಗೆ ನಿಂತೋಯ್ತು" ಎಂದರು ಹಿರಿಯರೊಬ್ಬರು. ಎದುರಾಡುವ ಧೈರ್ಯ ಯಾರಿಗೂ ಇರಲಿಲ್ಲ. ಕಣ್ಣಾರೆ ಕಂಡದ್ದಲ್ಲವೇ?

ಬೀಗದ ಕೈಗೆ ನಮ್ಮಲ್ಲಿ ತಲೆಮಾರುಗಳಿಂದ ಬಂದಿರುವ ಈ ಕೀರ್ತಿಯ ಗುಟ್ಟು ಸರಳ. ಬಹುಪಾಲು ಫಿಟ್ಸ್ ಒಂದೆರಡು ನಿಮಿಷಕ್ಕೆ, ಹೆಚ್ಚೆಂದರೆ ಮೂರು ನಿಮಿಷಕ್ಕೆ, ತಾನಾಗಿಯೇ ನಿಲ್ಲುತ್ತದೆ. ಜೇಬು ತಡಕಿ, ಗೊಂಚಲು ಹುಡುಕಿ, ಬಿಗಿದ ಬೆರಳು ಬಿಡಿಸಿ ಒಳಗೆ ತುರುಕುವ ಹೊತ್ತಿಗೆ ಅದು ನಿಲ್ಲುವ ಗಳಿಗೆಯೂ ಬಂದಿರುತ್ತದೆ. ಆ ಹೊತ್ತಿನಲ್ಲಿ ಕೈಗೆ ಬಾಳೆಹಣ್ಣು ಕೊಟ್ಟಿದ್ದರೂ ಕೀರ್ತಿ ಬಾಳೆಹಣ್ಣಿಗೇ ಸಲ್ಲುತ್ತಿತ್ತು. ತಾನಾಗಿ ನಿಲ್ಲುವ ಫಿಟ್ಸ್‌ಗೆ ಯಾವ ಮದ್ದಾದರೂ ಸರಿಯೇ. ನಿಲ್ಲದೇ ಹೋಗುವ ಫಿಟ್ಸ್‌ಗೆ ಮಾತ್ರ ನಿಜವಾದ ಮದ್ದು ಬೇಕು, ಅದೂ ಬೇಗ ಬೇಕು. ಆ ಮದ್ದಿನ ಹೆಸರು ಮಿಡಜೋಲಾಮ್. ಬೆಂಜೋಡಯಾಜೆಪಿನ್ ಎಂಬ ದೊಡ್ಡ ಕುಟುಂಬದ ಕುಡಿ. ನಿದ್ದೆಮಾತ್ರೆ, ಗಾಬರಿಮಾತ್ರೆ ಎಂದು ನಾವು ಅನುಮಾನದಿಂದ ನೋಡುವ ಡಯಾಜೆಪಾಮ್, ಅಲ್ಪ್ರಜೋಲಾಮ್‌ಗಳೂ ಇದೇ ಮನೆಯವು.

ಎಷ್ಟು ಹೊತ್ತಾದರೆ 'ನಿಲ್ಲುತ್ತಿಲ್ಲ' ಎನ್ನಬೇಕು? ಹಳೆಯ ವೈದ್ಯಕೀಯ ಪುಸ್ತಕಗಳು ಅರ್ಧ ಗಂಟೆ ಎನ್ನುತ್ತಿದ್ದವು. ಅಪಸ್ಮಾರದ ಅಂತಾರಾಷ್ಟ್ರೀಯ ವೈದ್ಯಸಂಘ 2015ರಲ್ಲಿ ಎರಡು ಗಡುವು ಇಟ್ಟಿತು. ಇಡೀ ಮೈ ಅದುರುವ ಫಿಟ್ಸ್ ಐದು ನಿಮಿಷ ದಾಟಿದರೆ ತಾನಾಗಿ ನಿಲ್ಲುವ ಸಂಭವ ಕಡಿಮೆ, ಆಗಲೇ ಔಷಧ ಶುರುವಾಗಬೇಕು. ಅರ್ಧ ಗಂಟೆ ದಾಟಿದರೆ ಮಿದುಳಿಗೆ ಉಳಿಯುವಂಥ ಪೆಟ್ಟು ಬೀಳಬಹುದು. ಎರಡು ಗಡುವುಗಳ ನಡುವೆ ಇರುವುದು ಇಪ್ಪತ್ತೈದು ನಿಮಿಷ. ಹಳ್ಳಿಯಿಂದ ತಾಲ್ಲೂಕು ಆಸ್ಪತ್ರೆ ಮುಟ್ಟಲು ಎಷ್ಟು ಹೊತ್ತು ಬೇಕೆಂದು ಲೆಕ್ಕ ಹಾಕಿದವರಿಗೆ ಈ ಇಪ್ಪತ್ತೈದರ ಬೆಲೆ ಗೊತ್ತು.

ತಡವಾದಷ್ಟೂ ಔಷಧಕ್ಕೆ ಫಿಟ್ಸ್ ಜಗ್ಗುವುದಿಲ್ಲ. ಏಕೆಂದು ತಿಳಿಯಲು ಕೆರೆಯ ತೂಬನ್ನು ನೆನಪಿಸಿಕೊಳ್ಳಿ. ಮಿದುಳಿನ ನರಕೋಶಗಳ ಗೋಡೆಯಲ್ಲಿ ಸಾವಿರಾರು ಸಣ್ಣ ತೂಬುಗಳಿವೆ. ಗಾಬಾ ಎಂಬ ರಾಸಾಯನಿಕ ಅವುಗಳ ನೀರುಗಂಟಿ. ಅದು ಬಂದು ತೂಬೆತ್ತಿದರೆ ಕ್ಲೋರೈಡ್ ಒಳಗೆ ಹರಿದು, ಕಾದು ಕುದಿಯುತ್ತಿರುವ ನರಕೋಶ ತಣ್ಣಗಾಗುತ್ತದೆ. ಬೆಂಜೋಡಯಾಜೆಪಿನ್ ತಾನೇ ತೂಬು ಎತ್ತುವುದಿಲ್ಲ. ನೀರುಗಂಟಿಯ ಕೈ ಚುರುಕು ಮಾಡುತ್ತದೆ, ಅಷ್ಟೆ. ಒಂದು ಸಲ ಎತ್ತುವಲ್ಲಿ ಹಲವು ಸಲ ಎತ್ತಿಸುತ್ತದೆ. ಇದಕ್ಕೂ ಹಿಂದಿನ ತಲೆಮಾರಿನ ಬಾರ್ಬಿಟುರೇಟ್‌ಗಳು ಹಾಗಲ್ಲ. ಎತ್ತಿದ ತೂಬನ್ನು ಇಳಿಯಗೊಡುವುದಿಲ್ಲ, ಪ್ರಮಾಣ ಏರಿದರೆ ನೀರುಗಂಟಿ ಇಲ್ಲದೆಯೂ ತೂಬು ಕಿತ್ತು ನೀರು ನುಗ್ಗಿಸುತ್ತವೆ. ಅವು ಹೆಚ್ಚಾದರೆ ಉಸಿರು ನಿಂತು ಸಾಯುವುದು, ಬೆಂಜೋ ಒಂದನ್ನೇ ನುಂಗಿದವರು ಸಾಮಾನ್ಯವಾಗಿ ಬದುಕುವುದು ಇದೇ ವ್ಯತ್ಯಾಸದಿಂದ.

ಫಿಟ್ಸ್ ಮುಂದುವರಿದ ಹಾಗೆ ನರಕೋಶ ಒಂದು ಕೆಟ್ಟ ಕೆಲಸ ಮಾಡುತ್ತದೆ. ತನ್ನ ಗೋಡೆಯಲ್ಲಿದ್ದ ತೂಬುಗಳನ್ನೇ ಒಳಗೆಳೆದುಕೊಳ್ಳತೊಡಗುತ್ತದೆ. ತೂಬೇ ಇಲ್ಲದ ಮೇಲೆ ನೀರುಗಂಟಿ ಎಷ್ಟು ಚುರುಕಿದ್ದರೇನು? ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ, ಶುರುವಿನಲ್ಲಿ ಫಿಟ್ಸ್ ನಿಲ್ಲಿಸಿದ್ದ ಡಯಾಜೆಪಾಮ್ ಪ್ರಮಾಣ ಮುಕ್ಕಾಲು ಗಂಟೆಯ ಬಳಿಕ ಏನೇನೂ ಸಾಲದಾಯಿತು, ಹಲವು ಪಟ್ಟು ಹೆಚ್ಚು ಬೇಕಾಯಿತು. ಎಂಟು ಗಂಟೆಗೆ ಕೊಟ್ಟಿದ್ದರೆ ಸಾಕಾಗುತ್ತಿದ್ದ ಇಂಜೆಕ್ಷನ್ ಎಂಟೂ ಮುಕ್ಕಾಲಿಗೆ ಬರೀ ನೀರಿನಂತಾಗಬಹುದು.

ಈ ಔಷಧ ಕುಟುಂಬದ ಹುಟ್ಟು ಒಂದು ಮೇಜು ಒರೆಸುವ ಕತೆ. ಅಮೆರಿಕದ ನ್ಯೂಜೆರ್ಸಿಯ ರೋಶ್ ಕಂಪನಿಯ ಪ್ರಯೋಗಾಲಯದಲ್ಲಿ ಲಿಯೋ ಸ್ಟರ್ನ್‌ಬಾಕ್ ಎಂಬ ರಸಾಯನಶಾಸ್ತ್ರಜ್ಞರು ಕೈಬಿಟ್ಟಿದ್ದ ಕೆಲಸವೊಂದಿತ್ತು. 1957ರಲ್ಲಿ ಕೋಣೆ ಚೊಕ್ಕಟ ಮಾಡುವಾಗ ಸಹೋದ್ಯೋಗಿ ಅರ್ಲ್ ರೀಡರ್ ಕಣ್ಣಿಗೆ ಅದರ ಹರಳುಗಳು ಬಿದ್ದವು. ಎಸೆಯುವ ಮೊದಲು ಒಮ್ಮೆ ಪರೀಕ್ಷೆಗೆ ಕಳಿಸೋಣ ಎಂದುಕೊಂಡರು. ಅದು ಲಿಬ್ರಿಯಮ್ ಹೆಸರಿನಲ್ಲಿ 1960ರಲ್ಲಿ ಅಂಗಡಿಗೆ ಬಂತು, 1963ರಲ್ಲಿ ಅದರ ತಮ್ಮ ವೇಲಿಯಮ್, ಅಂದರೆ ಡಯಾಜೆಪಾಮ್. ಎರಡೇ ವರ್ಷದಲ್ಲಿ, 1965ಕ್ಕೆ, ಫ್ರಾನ್ಸಿನ ಮಾರ್ಸೇ ನಗರದ ಆಂರಿ ಗಾಸ್ತೋ ಮತ್ತು ಸಂಗಡಿಗರು ನಿಲ್ಲದ ಫಿಟ್ಸನ್ನು ಡಯಾಜೆಪಾಮ್ ನಿಲ್ಲಿಸುತ್ತದೆ ಎಂದು ಬರೆದರು.

ಆದರೆ ಡಯಾಜೆಪಾಮ್‌ಗೆ ನೀರೆಂದರೆ ಆಗದು. ಅದನ್ನು ಕರಗಿಸಲು ಬೇರೆ ದ್ರಾವಕ ಬೇಕು. ಆ ದ್ರಾವಕ ರಕ್ತನಾಳದಲ್ಲಿ ಉರಿಯುತ್ತದೆ. ಸ್ನಾಯುವಿಗೆ ಕೊಟ್ಟರೆ ಅಲ್ಲೇ ಕೂತು ತನಗೆ ಇಷ್ಟ ಬಂದಾಗ ಎದ್ದು ಹೊರಡುತ್ತದೆ. ಲೊರಜೆಪಾಮ್ ಇದಕ್ಕಿಂತ ವಾಸಿ, ಆದರೆ ಅದಕ್ಕೆ ಫ್ರಿಜ್ ಬೇಕು. ಏಪ್ರಿಲ್‌ನ ರಾಯಚೂರಿನಲ್ಲಿ ಬಿಸಿಲಿಗೆ ನಿಂತ ಆಂಬುಲೆನ್ಸಿನೊಳಗೆ ಕೈಯಿಟ್ಟು ನೋಡಿದವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ. 1970ರ ದಶಕದ ಮಧ್ಯದಲ್ಲಿ ಅದೇ ರೋಶ್‌ನ ವಾಲ್ಸರ್ ಮತ್ತು ಫ್ರೈಯರ್ ತಯಾರಿಸಿದ ಮಿಡಜೋಲಾಮ್ ಈ ಎರಡೂ ತೊಡಕಿನಿಂದ ಪಾರಾಗಿತ್ತು. ಅದರ ಅಣುವಿನಲ್ಲಿರುವ ಒಂದು ಉಂಗುರ ಹುಳಿ ದ್ರವದಲ್ಲಿ ಬಿಚ್ಚಿಕೊಳ್ಳುತ್ತದೆ. ಆಗ ಅದು ನೀರಿನಲ್ಲಿ ಕರಗುತ್ತದೆ, ಬಾಟಲಿಯಲ್ಲಿ ಕೋಣೆಯ ಶಾಖದಲ್ಲೇ ತೆಪ್ಪಗಿರುತ್ತದೆ. ಮೈಯೊಳಗೆ ಹೋದೊಡನೆ ಹುಳಿ ಹೋಗಿ ಉಂಗುರ ಮುಚ್ಚಿಕೊಳ್ಳುತ್ತದೆ, ಔಷಧ ಕೊಬ್ಬಿನ ನೆಂಟನಾಗುತ್ತದೆ. ಮಿದುಳಿಗೆ ಕಾವಲಿರುವ ಪೊರೆ ಕೊಬ್ಬಿನದು, ದಾಟುವುದು ಸುಲಭ. ಬಾಟಲಿಯಲ್ಲಿ ಒಂದು ವೇಷ, ರಕ್ತದಲ್ಲಿ ಇನ್ನೊಂದು. ನಮ್ಮ ಯಕ್ಷಗಾನದ ಚೌಕಿಯಲ್ಲೂ ಇಷ್ಟು ಬೇಗ ವೇಷ ಬದಲಾಗುವುದಿಲ್ಲ.

ಆಸ್ಪತ್ರೆಗಳಲ್ಲಿ ನರ್ಸ್‌ಗಳು ಆಡುವ ಒಂದು ಮಾತಿದೆ: "ನರ ಸಿಗ್ತಾ ಇಲ್ಲ." ಅವರು ಹೇಳುವ ನರ, ಪುಸ್ತಕದ ಭಾಷೆಯಲ್ಲಿ ರಕ್ತನಾಳ. ಅದುರುತ್ತಿರುವ ಕೈಯಲ್ಲಿ, ಓಡುತ್ತಿರುವ ಗಾಡಿಯಲ್ಲಿ, ಮಂದ ಬೆಳಕಿನಲ್ಲಿ ನರ ಹುಡುಕಿ ಕ್ಯಾನುಲಾ ಹಾಕುವುದು ಎಂಥ ಕೆಲಸ ಎಂಬುದನ್ನು ಮಾಡಿದವರೇ ಹೇಳಬೇಕು. ಹಾಗಾದರೆ ನರವನ್ನು ಬಿಟ್ಟು, ಬಟ್ಟೆಯ ಮೇಲಿಂದಲೇ ತೊಡೆಗೆ ಚುಚ್ಚಿದರೆ? ಅಮೆರಿಕದಲ್ಲಿ 2009ರಿಂದ 2011ರವರೆಗೆ ನಡೆದ, 2012ರ ಫೆಬ್ರುವರಿಯಲ್ಲಿ ಪ್ರಕಟವಾದ ರ್‍ಯಾಂಪಾರ್ಟ್ ಎಂಬ ಅಧ್ಯಯನ ಕೇಳಿದ್ದು ಇದನ್ನೇ. ಮಿಷಿಗನ್ ವಿಶ್ವವಿದ್ಯಾಲಯದ ರಾಬರ್ಟ್ ಸಿಲ್ಬರ್‌ಗ್ಲೈಟ್ ಅದರ ಮುಂದಾಳು. ನರ್ವ್ ಗ್ಯಾಸ್ ದಾಳಿಯಾದರೆ ಸೈನಿಕರ ಫಿಟ್ಸ್ ನಿಲ್ಲಿಸುವುದು ಹೇಗೆಂಬ ಚಿಂತೆ ಅಲ್ಲಿನ ಸೇನೆಗೂ ಇತ್ತು. ಹಾಗಾಗಿ ತೊಡೆಗೆ ಒತ್ತಿದರೆ ತಾನೇ ಚುಚ್ಚುವ ಸಾಧನವನ್ನೇ ಬಳಸಿದರು. ನಮ್ಮ ಹೊಲಗಳಲ್ಲಿ ಕೀಟನಾಶಕ ಕುಡಿದವರನ್ನು ಎತ್ತಿಕೊಂಡು ಬಂದಾಗ ವೈದ್ಯರು ಎದುರಿಸುವ ಫಿಟ್ಸ್ ಕೂಡ ಇದೇ ಜಾತಿಯದು. ಆರ್ಗನೋಫಾಸ್ಫೇಟ್ ವಿಷಕ್ಕೂ ನರ್ವ್ ಗ್ಯಾಸ್‌ಗೂ ರಸಾಯನಶಾಸ್ತ್ರದಲ್ಲಿ ಹತ್ತಿರದ ದಾಯಾದಿತನ.

ಐದು ನಿಮಿಷ ದಾಟಿಯೂ ಅದುರುತ್ತಿದ್ದ 893 ಮಂದಿಗೆ ಎರಡೂ ಇಂಜೆಕ್ಷನ್ ಕೊಡಬೇಕಿತ್ತು, ತೊಡೆಗೊಂದು, ನರಕ್ಕೊಂದು. ಒಂದರಲ್ಲಿ ಔಷಧ (ತೊಡೆಯದಾದರೆ ಮಿಡಜೋಲಾಮ್, ನರದ್ದಾದರೆ ಲೊರಜೆಪಾಮ್), ಇನ್ನೊಂದರಲ್ಲಿ ಬರೀ ದ್ರವ. ಯಾವುದು ಯಾವುದೆಂದು ಕೊಡುವವರಿಗೂ ಗೊತ್ತಿಲ್ಲ. ಔಷಧದ ಪೆಟ್ಟಿಗೆ ತೆರೆದೊಡನೆ ಒಳಗಿನ ಧ್ವನಿಮುದ್ರಣ ಯಂತ್ರ ಶುರುವಾಗುತ್ತಿತ್ತು; "ತೊಡೆಗೆ ಕೊಟ್ಟೆ", "ನರ ಸಿಕ್ಕಿತು", "ಅದುರು ನಿಂತಿತು" ಎಂದು ಸಿಬ್ಬಂದಿ ಬಾಯಿಬಿಟ್ಟು ಹೇಳಬೇಕು, ಯಂತ್ರ ಗಳಿಗೆ ಗುರುತಿಸಿಕೊಳ್ಳಬೇಕು. ನೆನಪಿನ ಗಡಿಯಾರವನ್ನು ಅವರು ನಂಬಲಿಲ್ಲ. ಈ ಇಡೀ ಅಧ್ಯಯನದಲ್ಲಿ ನನಗೆ ತುಂಬ ಹಿಡಿಸಿದ್ದು ಈ ಪೆಟ್ಟಿಗೆ.

ನರಕ್ಕೆ ಕೊಟ್ಟ ಲೊರಜೆಪಾಮ್ ಒಳಸೇರಿದ ಮೇಲೆ ಸುಮಾರು 1.6 ನಿಮಿಷದಲ್ಲಿ ಅದುರು ನಿಲ್ಲಿಸಿತು. ತೊಡೆಯ ಮಿಡಜೋಲಾಮ್ ತೆಗೆದುಕೊಂಡದ್ದು 3.3 ನಿಮಿಷ. ಓಟದಲ್ಲಿ ಲೊರಜೆಪಾಮ್ ಮುಂದು. ಆದರೆ ಪೆಟ್ಟಿಗೆ ತೆರೆದಲ್ಲಿಂದ ಔಷಧ ಮೈ ಸೇರಲು ತೊಡೆಗೆ ಬೇಕಾದದ್ದು 1.2 ನಿಮಿಷ, ನರಕ್ಕೆ 4.8. ಕೆಲವರಲ್ಲಿ ನರ ಸಿಗಲೇ ಇಲ್ಲ. ಆಸ್ಪತ್ರೆ ಬಾಗಿಲಿಗೆ ಬರುವಷ್ಟರಲ್ಲಿ ಮಿಡಜೋಲಾಮ್ ಪಡೆದವರಲ್ಲಿ ನೂರಕ್ಕೆ 73.4 ಮಂದಿಗೆ ಫಿಟ್ಸ್ ನಿಂತಿತ್ತು. ಲೊರಜೆಪಾಮ್ ಪಡೆದವರಲ್ಲಿ 63.4 ಮಂದಿಗೆ. ಆಸ್ಪತ್ರೆಯಲ್ಲಿ ಉಳಿಯಬೇಕಾಗಿ ಬಂದವರೂ ಮಿಡಜೋಲಾಮ್ ಗುಂಪಿನಲ್ಲಿ ಕಡಿಮೆ. ಔಷಧ ಎಷ್ಟು ಚುರುಕು ಎನ್ನುವುದಕ್ಕಿಂತ ಅದು ಯಾವ ದಾರಿಯಲ್ಲಿ ಬಂತು ಎನ್ನುವುದೇ ದೊಡ್ಡದಾಯಿತು.

ಒಂದು ಮುಜುಗರದ ಪ್ರಶ್ನೆಯೂ ಇತ್ತು. ಅದುರುತ್ತಿರುವವನ ಒಪ್ಪಿಗೆ ಕೇಳುವುದು ಹೇಗೆ? ಅಮೆರಿಕದ ಕಾನೂನು ಇಂಥ ತುರ್ತಿನಲ್ಲಿ ಮುಂಚಿತ ಒಪ್ಪಿಗೆಯಿಲ್ಲದೆ ಅಧ್ಯಯನಕ್ಕೆ ಬಿಡುತ್ತದೆ, ಮೊದಲೇ ಆ ಊರಿನ ಜನರ ಜೊತೆ ಸಮಾಲೋಚನೆ ನಡೆದಿರಬೇಕು ಎಂಬ ಷರತ್ತಿನ ಮೇಲೆ. ನಮಗಿದು ವಿಚಿತ್ರ ಎನಿಸಬಹುದು. ಆದರೆ ಒಪ್ಪಿಗೆ ಕೊಡಬಲ್ಲವರ ಮೇಲೆ ಮಾತ್ರ ಪರೀಕ್ಷೆ ಎಂದರೆ, ಒಪ್ಪಿಗೆ ಕೊಡಲಾರದವರಿಗೆ ಏನು ಕೊಡಬೇಕೆಂದು ಯಾವತ್ತಿಗೂ ಗೊತ್ತಾಗುತ್ತಿರಲಿಲ್ಲ.

ಇಷ್ಟೆಲ್ಲ ಇದ್ದೂ ತುರ್ತು ಚಿಕಿತ್ಸೆಯಲ್ಲಿ ಬೆಂಜೋ ಕೊಡುವ ಕೈ ನಡುಗುತ್ತದೆ, ಉಸಿರು ನಿಂತರೆ ಎಂಬ ಭಯಕ್ಕೆ. ಸುಳ್ಳು ಭಯವಲ್ಲ. 1980ರ ದಶಕದ ಮಧ್ಯದಲ್ಲಿ ಮಿಡಜೋಲಾಮ್ ಅಮೆರಿಕದಲ್ಲಿ ಬಳಕೆಗೆ ಬಂದಾಗ, ಎಂಡೋಸ್ಕೋಪಿಯಂಥ ಸಣ್ಣ ಕೆಲಸಗಳಿಗೆ ಮಂಪರು ಬರಿಸಲು ಡಯಾಜೆಪಾಮ್ ಅಳತೆಯಲ್ಲೇ ಇದನ್ನೂ ಕೊಟ್ಟರು. ಅದಕ್ಕಿಂತ ಇದು ಎಷ್ಟೋ ಬಲವಾದದ್ದು. ಜನ ಸತ್ತರು. ಆಮೇಲೆ ಪ್ರಮಾಣ ಇಳಿಸಿ, ಬಾಟಲಿಯ ಕಾಗದದಲ್ಲಿ ಕಪ್ಪು ಚೌಕಟ್ಟಿನ ಎಚ್ಚರಿಕೆ ಅಚ್ಚಾಯಿತು. ಹೆಂಡ ಕುಡಿದವರಲ್ಲಿ, ಅಫೀಮಿನ ಜಾತಿಯ ನೋವುಮದ್ದು ಪಡೆದವರಲ್ಲಿ, ವಯಸ್ಸಾದವರಲ್ಲಿ ಇಂದಿಗೂ ಇದು ಉಸಿರಿಗೆ ಕುತ್ತು ತರಬಲ್ಲದು. ಫ್ಲುಮಜೆನಿಲ್ ಎಂಬ ಮರುಮದ್ದು ಇದೆ, ಆದರೆ ಫಿಟ್ಸ್ ರೋಗಿಗೆ ಅದನ್ನು ಕೊಟ್ಟರೆ ಫಿಟ್ಸೇ ಮರಳಬಹುದು. ಹಾಗಾಗಿ ಉಸಿರು ತುಂಬುವ ಆಂಬು ಬ್ಯಾಗ್ ಒತ್ತಬಲ್ಲ ಕೈ, ಆಮ್ಲಜನಕ ಪಕ್ಕದಲ್ಲಿರಲೇಬೇಕು.

ಭಯದ ಲೆಕ್ಕ ತಪ್ಪುವುದು ಇನ್ನೊಂದು ಕಡೆಯನ್ನು ಮರೆತಾಗ. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಆಂಬುಲೆನ್ಸ್‌ಗಳಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 205 ರೋಗಿಗಳಿದ್ದರು. ಕೆಲವರಿಗೆ ಲೊರಜೆಪಾಮ್, ಕೆಲವರಿಗೆ ಡಯಾಜೆಪಾಮ್, ಇನ್ನು ಕೆಲವರಿಗೆ ಔಷಧವೇ ಇಲ್ಲದ ಇಂಜೆಕ್ಷನ್. ಉಸಿರಾಟ, ರಕ್ತಸಂಚಾರದ ತೊಂದರೆ ಔಷಧ ಪಡೆದವರಲ್ಲಿ ನೂರಕ್ಕೆ ಹತ್ತರ ಆಸುಪಾಸು. ಔಷಧ ಪಡೆಯದವರಲ್ಲಿ 22.5. ಎರಡು ಪಟ್ಟು! ಉಸಿರು ನಿಲ್ಲಿಸುವುದರಲ್ಲಿ ಔಷಧಕ್ಕಿಂತ ಫಿಟ್ಸೇ ದೊಡ್ಡ ಕೈ. ಆದರೂ 'ಅರ್ಧ ಕೊಟ್ಟು ನೋಡೋಣ' ಎಂಬ ಅಭ್ಯಾಸ ಹೋಗಿಲ್ಲ. ಅಮೆರಿಕದ ಆಸ್ಪತ್ರೆಗಳಲ್ಲೇ ಮೊದಲ ಡೋಸ್ ಬಹುಪಾಲು ರೋಗಿಗಳಿಗೆ ಶಿಫಾರಸಿಗಿಂತ ಕಡಿಮೆ ಸಿಗುತ್ತದೆ ಎಂದು ತೀರ ಈಚಿನ ಅಧ್ಯಯನಗಳೂ ತೋರಿಸಿವೆ. ಅಳುಕುತ್ತ ಅರೆಪಾಲು ಕೊಟ್ಟರೆ ಔಷಧದ ಅಪಾಯವೂ ಬಂತು, ಫಿಟ್ಸಿನ ಅಪಾಯವೂ ಉಳಿಯಿತು. ನನಗನ್ನಿಸುವಂತೆ ಈ ಔಷಧದ ವಿಷಯದಲ್ಲಿ ಅತಿ ಧೈರ್ಯಕ್ಕಿಂತ ಅತಿ ಜಾಗ್ರತೆಯೇ ಇಂದು ಹೆಚ್ಚು ಜನರನ್ನು ಕಾಡುತ್ತಿದೆ.

ಪೂರ್ತಿ ಡೋಸ್ ಕೊಡಲು ಒಂದು ಸಣ್ಣ ಲೆಕ್ಕವೂ ಅಡ್ಡ ಬರುತ್ತದೆ. ರ್‍ಯಾಂಪಾರ್ಟ್‌ನಲ್ಲಿ ನಲವತ್ತು ಕಿಲೋ ಮೀರಿದವರಿಗೆ ತೊಡೆಗೆ ಕೊಟ್ಟದ್ದು 10 ಮಿಲಿಗ್ರಾಂ. ಮಿಲಿಲೀಟರಿಗೆ 5 ಮಿಲಿಗ್ರಾಂ ಇರುವ ಬಾಟಲಿಯಾದರೆ ಎರಡು ಮಿಲಿಲೀಟರ್ ಸಾಕು. ಮಂಪರು ಬರಿಸಲು ಇಡುವ ಮಿಲಿಲೀಟರಿಗೆ 1 ಮಿಲಿಗ್ರಾಮಿನ ಬಾಟಲಿಯೇ ಕಪಾಟಿನಲ್ಲಿದ್ದರೆ ಹತ್ತು ಮಿಲಿಲೀಟರ್ ಬೇಕು, ಯಾರ ತೊಡೆಯೂ ಒಂದೇ ಸಲಕ್ಕೆ ಅಷ್ಟು ಹಿಡಿಯುವುದಿಲ್ಲ. ಔಷಧ ಇದ್ದೂ ಇಲ್ಲದಂತೆ.

ಇನ್ನು ಕಾನೂನಿನ ಬೀಗ. ಚಟ ಹಿಡಿಸುವ ಗುಣ ಇರುವುದರಿಂದ ಮಿಡಜೋಲಾಮ್, ಡಯಾಜೆಪಾಮ್‌ಗಳು ನಮ್ಮಲ್ಲಿ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಎಚ್1 ಪಟ್ಟಿಯಲ್ಲಿವೆ, ಮಾದಕವಸ್ತು ಕಾನೂನಿನ ಕಣ್ಣೂ ಅವುಗಳ ಮೇಲಿದೆ. ಇರಲೇಬೇಕು, ಈ ಕುಟುಂಬದ ಮಾತ್ರೆಗಳಿಗೆ ಅಂಟಿಕೊಂಡು ಬಿಡಿಸಿಕೊಳ್ಳಲಾರದವರನ್ನು ನಾವೆಲ್ಲ ನೋಡಿದ್ದೇವೆ. ಆದರೆ ಒಂದು ರಾತ್ರಿ ಆಸ್ಪತ್ರೆಯೊಂದರ ಕ್ಯಾಶುವಾಲ್ಟಿಯಲ್ಲಿ ನಾನು ಕಂಡದ್ದು ಹೀಗಿತ್ತು. ರೋಗಿ ಅದುರುತ್ತಿದ್ದಾನೆ, ಇಂಜೆಕ್ಷನ್ ಬೀರುವಿನಲ್ಲಿದೆ, ಬೀರುವಿಗೆ ಬೀಗ, ಕೀಲಿ ಇಟ್ಟುಕೊಂಡವರು ಟೀಗೆ ಹೋಗಿದ್ದಾರೆ. ಫಿಟ್ಸ್ ಬಂದಾಗ ಬೀಗದ ಕೈ ತುರ್ತಾಗಿ ಬೇಕು ಎಂಬ ನಮ್ಮ ಹಿರಿಯರ ಮಾತು ನಿಜವಾಗುವ ಒಂದೇ ಜಾಗ ಬಹುಶಃ ಇದು.

ಕನ್ನಡ ನಾಡಿಗೆ ಫಿಟ್ಸ್ ಹೊಸದಲ್ಲ. ನಿಮ್ಹಾನ್ಸ್‌ನ ಎಂ. ಗೌರಿದೇವಿ ಮತ್ತು ಸಂಗಡಿಗರು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆ ಸುತ್ತಿ ನಡೆಸಿದ ಸಮೀಕ್ಷೆ 2004ರಲ್ಲಿ ಪ್ರಕಟವಾಯಿತು. ಹಳ್ಳಿಗಳಲ್ಲಿ ಸಾವಿರಕ್ಕೆ ಸುಮಾರು ಹನ್ನೆರಡು ಮಂದಿಗೆ ಅಪಸ್ಮಾರ, ನಗರದಲ್ಲಿ ಅದರ ಅರ್ಧ. ಅಂದರೆ ಆಸ್ಪತ್ರೆ ಎಲ್ಲಿ ದೂರವೋ ಅಲ್ಲೇ ರೋಗ ಹೆಚ್ಚು. ಮೈಸೂರು, ಚಾಮರಾಜನಗರದ ಕಡೆ ನಮ್ಮದೇ ಎನ್ನಬಹುದಾದ ಒಂದು ಬಗೆಯೂ ಇದೆ, ಬಿಸಿನೀರಿನ ಫಿಟ್ಸ್. ಹಂಡೆಯಿಂದ ಸುಡುವ ನೀರನ್ನು ಚೊಂಬಿನಲ್ಲಿ ಮೊಗೆದು ತಲೆಗೆ ಹೊಯ್ದುಕೊಂಡಾಗ ಬರುವಂಥದ್ದು. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಇದನ್ನು ಮೊದಲಿಗೆ ವಿವರವಾಗಿ ದಾಖಲಿಸಿದವರಲ್ಲಿ ಒಬ್ಬರು. ಆಮೇಲೆ ನಿಮ್ಹಾನ್ಸ್‌ನ ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು, ತಲೆಸ್ನಾನಕ್ಕೆ ಒಂದೂವರೆ ಎರಡು ಗಂಟೆ ಮುಂಚೆ ಕ್ಲೊಬಜಾಮ್ ಮಾತ್ರೆ ನುಂಗಿದರೆ ಹಲವರಿಗೆ ಇದು ತಪ್ಪುತ್ತದೆ ಎಂದು ತೋರಿಸಿದರು. ಕ್ಲೊಬಜಾಮ್ ಕೂಡ ಬೆಂಜೋಡಯಾಜೆಪಿನ್ನೇ. ಎಣ್ಣೆ ಹಚ್ಚಿಕೊಂಡು ಮಾತ್ರೆ ನುಂಗಿ ಗಡಿಯಾರ ನೋಡುತ್ತ ಕೂರುವ ಮನೆಗಳು ಈ ನಾಡಿನಲ್ಲಿವೆ.

ಫಿಟ್ಸ್ ಮರುಕಳಿಸುವವರ ಮನೆಯಲ್ಲಿ ಈಗ ಇನ್ನೊಂದು ವಸ್ತು ಸೇರಿದೆ, ಮೂಗಿಗೆ ಸಿಂಪಡಿಸುವ ಮಿಡಜೋಲಾಮ್. ಮೂಗಿನ ಒಳಪೊರೆಯಿಂದ ನೇರ ರಕ್ತಕ್ಕೆ, ಸೂಜಿಯ ಹಂಗಿಲ್ಲ. ವೈದ್ಯರು ಬರೆದುಕೊಟ್ಟವರಿಗೆ ಮಾತ್ರ, ಅವರು ಹೇಳಿದ ಲೆಕ್ಕದಲ್ಲಿ ಮಾತ್ರ. ಲೆಕ್ಕ ಎಂದು ಒತ್ತಿ ಹೇಳಲು ಕಾರಣವಿದೆ. ನಮ್ಮ ಅಂಗಡಿಗಳಲ್ಲಿ ಸಿಗುವ ಸ್ಪ್ರೇಗಳಲ್ಲಿ ಒಂದು ಒತ್ತಿಗೆ ಎಷ್ಟು ಮಿಲಿಗ್ರಾಂ ಬೀಳುತ್ತದೆ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಹಳೆಯ ಬಾಟಲಿಗೆ ಹೇಳಿದ ಎಂಟು ಒತ್ತು ಹೊಸದಕ್ಕೆ ಹೆಚ್ಚಾಗಬಹುದು, ಕಡಿಮೆಯೂ ಆಗಬಹುದು. ಬಾಟಲಿ ಬದಲಾದಾಗಲೆಲ್ಲ ವೈದ್ಯರನ್ನು ಕೇಳಿ, ಎಷ್ಟು ಒತ್ತು ಎಂಬುದನ್ನು ಮೇಲೆ ಕನ್ನಡದಲ್ಲಿ ದಪ್ಪಗೆ ಬರೆದು ಅಂಟಿಸುವ ತಾಯಂದಿರನ್ನು ಕಂಡಿದ್ದೇನೆ. ಶಾಲೆಯ ಬ್ಯಾಗಿನಲ್ಲೊಂದು, ಅಜ್ಜಿ ಮನೆಯಲ್ಲೊಂದು. ಸ್ಪ್ರೇ ಇಲ್ಲದ ಉಳಿದವರು ಮಾಡಬೇಕಾದದ್ದು ಕಡಿಮೆ. ಪಕ್ಕಕ್ಕೆ ಹೊರಳಿಸಿ ಮಲಗಿಸುವುದು, ಬಾಯಿಗೆ ಚಮಚ, ಬೆರಳು, ನೀರು ಏನನ್ನೂ ಹಾಕದಿರುವುದು, ಗಡಿಯಾರ ನೋಡುವುದು. ಐದು ನಿಮಿಷ ಮುಟ್ಟುತ್ತಿದೆ ಎನಿಸಿದರೆ, ಅಥವಾ ಇದು ಮೊದಲ ಫಿಟ್ಸ್ ಆಗಿದ್ದರೆ, 108.

ನಮ್ಮ ಮದುವೆ ಮನೆಯ ಹುಡುಗನಿಗೆ ಅದು ಮೊದಲನೆಯದು. ಮೂರು ದಿನದ ಮೇಲೆ ನರರೋಗ ತಜ್ಞರ ಮುಂದೆ ಕೂತಾಗ ಅವರು ಕೇಳಿದ ಮೊದಲ ಪ್ರಶ್ನೆ, "ಎಷ್ಟು ಹೊತ್ತು ಇತ್ತು?" ಅವನ ಅಮ್ಮ ಅರ್ಧ ಗಂಟೆ ಎಂದರು. ಸೋದರಮಾವ ಹತ್ತು ನಿಮಿಷ ಎಂದರು. ಕಾಲು ಹಿಡಿದು ಕೂತಿದ್ದ ನಾನು ಐದು ಎಂದೆ. ವೈದ್ಯರು ನಕ್ಕು, "ವಿಡಿಯೋ ಏನಾದ್ರೂ ಇದೆಯಾ?" ಎಂದರು. ಮದುವೆಯಲ್ಲಿ ವಿಡಿಯೋ ಇಲ್ಲದೆ ಇರುತ್ತದೆಯೇ! ಊಟದ ಪಂಕ್ತಿ ತೆಗೆಯುತ್ತಿದ್ದ ವಿಡಿಯೋದವನು ಗಾಬರಿಯಲ್ಲಿ ಕ್ಯಾಮೆರಾ ನಿಲ್ಲಿಸುವುದನ್ನೇ ಮರೆತಿದ್ದ. ಎಡ ಮೂಲೆಯಲ್ಲಿ ಎಲ್ಲವೂ ಇತ್ತು. ಬಿದ್ದಲ್ಲಿಂದ ಕೊನೆಯ ಅದುರಿನವರೆಗೆ ಒಂದು ನಿಮಿಷ ಐವತ್ತು ಸೆಕೆಂಡು. ವೈದ್ಯರು ಅದನ್ನು ಮತ್ತೊಮ್ಮೆ ಓಡಿಸಿದರು. ಅದುರಿನ ನಡುವಿನ ಬಿಡುವು ಉದ್ದವಾಗುತ್ತ ಬಂದು, ಇನ್ನೇನು ನಿಲ್ಲಬೇಕು ಎನ್ನುವಾಗ ಚೌಕಟ್ಟಿನೊಳಗೆ ಒಂದು ಕೈ ಬಂತು, ಅದರಲ್ಲಿ ಬೀಗದ ಕೈ ಗೊಂಚಲು.

"ಅಯ್ಯೋ" ಎಂದು ಅವನಮ್ಮ ತಮ್ಮ ವ್ಯಾನಿಟಿ ಬ್ಯಾಗಿಗೆ ಕೈ ಹಾಕಿದರು. ಗೊಂಚಲು ಇನ್ನೂ ಅಲ್ಲೇ ಇತ್ತು. ಚೌಟ್ರಿಯವರು ಅಷ್ಟರಲ್ಲಿ ಸ್ಟೋರ್ ರೂಮಿನ ಬೀಗ ಒಡೆಸಿದ್ದರಂತೆ.